ಕಸಿ ಗಿಡದ ಬೊಡ್ಡೆಗೆ ತಾಮ್ರದ ಮುಲಾಮು: ಮೂರು ಬಗೆಯ ಸರಕು, ಮತ್ತು ಬಳಿಯುವ ಮುಂಚಿನ ತಪಾಸಣೆ

ಕಲಬುರಗಿಯ ನೆಹರು ಗಂಜ್ ಸುತ್ತಲಿನ ಗೊಬ್ಬರ-ಔಷಧಿ ಅಂಗಡಿಯಲ್ಲಿ ನಿಂತು "ಗಿಡದ ಬೊಡ್ಡೆಯಿಂದ ಅಂಟು ಸೋರ್ತದ" ಅಂದರೆ ಸಾಕು, ಮೂರರಲ್ಲೊಂದು ಕೈಗೆ ಬರುತ್ತದೆ. ಮೈಲುತುತ್ತದ (ಕಾಪರ್ ಸಲ್ಫೇಟ್) ಹರಳಿನ ಪೊಟ್ಟಣ, ನೀರು ಬೆರೆಸಿದರೆ ಮುಲಾಮಾಗುವ ರೆಡಿಮೇಡ್ ಬೋರ್ಡೋ ಪುಡಿ, ಇಲ್ಲವೇ ಕಾಪರ್ ಆಕ್ಸಿಕ್ಲೋರೈಡ್ 50 ಡಬ್ಲ್ಯುಪಿ ಎಂಬ, ನೀರಲ್ಲಿ ಕಲಸುವ ಪುಡಿ. ಹೆಸರು ಬೇರೆಯಾದರೂ ಮೂರರೊಳಗೂ ಕೆಲಸ ಮಾಡುವುದು ತಾಮ್ರವೇ. ಮೂರೂ ಒಳ್ಳೆಯ ಸರಕು ಎಂದು ಮೊದಲೇ ಹೇಳಿಬಿಡಬಹುದು. ಆದರೆ ಕಸಿ ಗಿಡದ ಕಾಂಡ ಕೆಡುವ ಕಾರಣಗಳಲ್ಲಿ ತಾಮ್ರದ ಮಾತು ಕೇಳುವಂಥವು ಅರ್ಧದಷ್ಟೂ ಇಲ್ಲ. ಗಿಡ ಅಂಗಡಿಗೆ ಬರುವುದಿಲ್ಲವಾದ್ದರಿಂದ ಅಂಗಡಿಯವರು ಕೊಡುವುದು ಸೋರಿಕೆಗೆ ಮದ್ದು, ಸೋರಿಕೆಯ ಕಾರಣಕ್ಕಲ್ಲ. ಕಾರಣ ಗುರುತಿಸುವ ಕೆಲಸ ತೋಟದಲ್ಲೇ ಆಗಬೇಕು. ಹಾಗಾಗಿ ಈ ವಿಮರ್ಶೆಯ ಮೊದಲರ್ಧ ಡಬ್ಬಿಯ ಬಗ್ಗೆ ಅಲ್ಲ, ಚಾಕುವಿನ ಬಗ್ಗೆ.

ತಾಮ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಿರಲಿ. ಅದು ತೊಗಟೆಯ ಮೇಲೆ ಪದರವಾಗಿ ಕೂರುತ್ತದೆ. ತೇವ ತಾಗಿದಾಗೆಲ್ಲ ಇಷ್ಟಿಷ್ಟೇ ಬಿಡುಗಡೆಯಾಗಿ, ಹೊರಗಿನಿಂದ ಬಂದು ಬಿದ್ದ ಶಿಲೀಂಧ್ರದ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮೈಲುತುತ್ತ-ಸುಣ್ಣದ ಬೋರ್ಡೋ ಮಿಶ್ರಣವನ್ನು ಪ್ರಕಟಿಸಿದ್ದು ದ್ರಾಕ್ಷಿ ಎಲೆಯ ಬೂಜು ರೋಗಕ್ಕೆ. ಅಲ್ಲಿಯೂ ಅದು ಎಲೆಯ ಮೇಲ್ಮೈ ಕಾಯುವ ಕೆಲಸವನ್ನೇ ಮಾಡಿತು. ಒಳಕಟ್ಟಿಗೆಗೆ ಇಳಿದ ರೋಗವನ್ನು ಹಿಂಬಾಲಿಸಿ ಕೊಲ್ಲುವ ಶಕ್ತಿ ತಾಮ್ರಕ್ಕೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಕೊಳೆತ ತೊಗಟೆಯ ಮೇಲೆ ನೀಲಿ ಬಳಿದರೆ ಒಳಗೆ ರೋಗ ನಿರಾಳವಾಗಿ ಹಬ್ಬುತ್ತದೆ, ಹೊರಗೆ ನಮ್ಮ ಕಣ್ಣಿಗೆ ಕಾಣದಂತೆ ಮುಚ್ಚಿರುತ್ತದೆ.

ತಪಾಸಣೆಗೆ ಬೇಕಾದದ್ದು ಹೆಚ್ಚೇನಿಲ್ಲ: ಹರಿತವಾದ ಕಸಿ ಚಾಕು, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಖುರಪಿ, ಸೈಕಲ್ಲಿನ ಕಡ್ಡಿ, ಸರ್ಜಿಕಲ್ ಸ್ಪಿರಿಟ್ಟಿನ ಸಣ್ಣ ಬಾಟಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವಿನ ಅಲಗನ್ನು ಸ್ಪಿರಿಟ್ಟಿನಲ್ಲಿ ಅರ್ಧ ನಿಮಿಷ ನೆನೆಸಿ ಒರೆಸಬೇಕು. ಬ್ಲೀಚ್ ದ್ರಾವಣವೂ ನಡೆಯುತ್ತದೆ, ಆದರೆ ಉಕ್ಕಿನ ಅಲಗು ಬೇಗ ತುಕ್ಕು ಹಿಡಿಯುತ್ತದೆ.

ಮೊದಲು ಚಾಕು ತೆಗೆಯಬೇಡಿ. ಹತ್ತು ಹೆಜ್ಜೆ ದೂರ ನಿಂತು ಇಡೀ ಗಿಡ ನೋಡಿ. ಒಂದೇ ಟೊಂಗೆ ತುದಿಯಿಂದ ಕೆಳಗೆ ಒಣಗುತ್ತ ಬಂದಿದೆಯೇ, ಒಂದು ಮಗ್ಗುಲು ಮಾತ್ರ ಸೊರಗಿದೆಯೇ, ಅಥವಾ ಇಡೀ ಗಿಡ ಒಟ್ಟಿಗೆ ಹಳದಿಯಾಗಿದೆಯೇ? ಮೊದಲನೆಯದು ಮೇಲಿನಿಂದ ಇಳಿಯುವ ಒಣಗು ರೋಗ ಅಥವಾ ಕಾಂಡಕೊರಕವನ್ನು ತೋರಿಸುತ್ತದೆ, ಎರಡನೆಯದು ಆ ಮಗ್ಗುಲಿನ ಬೇರು-ತೊಗಟೆಯನ್ನು, ಮೂರನೆಯದು ಬುಡ, ಬೇರು ಅಥವಾ ಕಸಿಗಂಟನ್ನು (ಕಸಿಯ ಎರಡು ಗಿಡ ಕೂಡಿದ ಜಾಗ). ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದು, ಅದೂ ಎಳೆ ಎಲೆಯಲ್ಲೇ ಹೆಚ್ಚಿದ್ದರೆ ಬೊಡ್ಡೆಯ ಕಡೆ ಹೋಗಲೇಬೇಡಿ. ಸುಣ್ಣದಂಶ ಹೆಚ್ಚಿರುವ ನಮ್ಮ ಎರೆ ಮಣ್ಣಿನಲ್ಲಿ ಅದು ಕಬ್ಬಿಣದ ಕೊರತೆ. ತಾಮ್ರ ಬಳಿದರೆ ಒಂದೆಲೆಯೂ ಹಸಿರಾಗದು.

ಆಮೇಲೆ ಖುರಪಿಯಿಂದ ಬುಡದ ಮಣ್ಣು ಬಿಡಿಸಿ, ಮೊದಲ ಬೇರುಗಳು ಕಾಣುವ ತನಕ. ಕಸಿಗಂಟು ಎಲ್ಲಿದೆ ಹುಡುಕಿ. ಅದು ನೆಲಕ್ಕಿಂತ ಒಂದು ಗೇಣು ಮೇಲಿರಬೇಕು. ಮೋಸಂಬಿಯ ಮಟ್ಟಿಗೆ ಇದು ಜೀವ-ಮರಣದ ಪ್ರಶ್ನೆ. ಕೆಳಗಿನ ಬೇರುಸಸಿ ಸಾಮಾನ್ಯವಾಗಿ ರಂಗಪುರ ನಿಂಬೆ, ಅದು ಫೈಟಾಫ್ತೊರ ಎಂಬ, ಒದ್ದೆ ಮಣ್ಣಿನಿಂದ ಹತ್ತಿ ಬುಡದ ತೊಗಟೆ ಕೊಳೆಸುವ ರೋಗವನ್ನು ಒಂದಷ್ಟು ತಡೆದುಕೊಳ್ಳುತ್ತದೆ. ಮೇಲಿನ ಮೋಸಂಬಿ ತಡೆಯುವುದಿಲ್ಲ. ನಾಟಿ ಮಾಡುವಾಗ ಆಳಕ್ಕೆ ಇಟ್ಟರೆ, ಅಥವಾ ವರ್ಷ ವರ್ಷ ಮಡಿ ಏರಿಸುತ್ತ ಬುಡಕ್ಕೆ ಮಣ್ಣು ಒಟ್ಟಿದರೆ, ತಡೆಯಲಾರದ ಭಾಗವೇ ಒದ್ದೆ ಮಣ್ಣಿಗೆ ತಾಗುತ್ತದೆ. ಕಸಿ ಮಾಡಿದ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಭೀಮೆಯ ದಂಡೆಯ ಎರೆ ಹೊಲಗಳಲ್ಲಿ ಮಳೆಗಾಲದ ಕೊನೆಗೆ ನೀರು ದಿನಗಟ್ಟಲೆ ಇಂಗದೆ ನಿಲ್ಲುವುದರಿಂದ ಮೊದಲ ಅನುಮಾನ ಇದರ ಮೇಲೇ ಇರಲಿ. ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ ಮಣ್ಣು ನೀರು ಬಸಿದುಬಿಡುತ್ತದೆ. ಅಲ್ಲಿ ಬಿಸಿಲ ಹೊಡೆತ, ಕೊರಕ ಇವನ್ನು ಮೊದಲು ನೋಡುವುದು ಜಾಣತನ.

ಮಣ್ಣಲ್ಲಿ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿದರೆ ಗಮನಿಸಿ. ನರ್ಸರಿಯಲ್ಲಿ ಕಸಿ ಕಟ್ಟಿದ ಪಾಲಿಥೀನ್ ಪಟ್ಟಿಯನ್ನು ಗಂಟು ಕೂಡಿದ ಮೇಲೆ ಬಿಚ್ಚದೆ ಬಿಟ್ಟರೆ ಕಾಂಡ ದಪ್ಪವಾದಂತೆ ಅದು ಉರುಳಿನ ಹಾಗೆ ಒಳಗಿಳಿಯುತ್ತದೆ. ಮೇಲೆ ಊತ, ಕೆಳಗೆ ಸಣಕಲು, ನಡುವೆ ಗೀರು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯದೆ ಗಿಡ ಸೊರಗುತ್ತದೆ. ಎರಡು-ಮೂರು ವರ್ಷದ ಮಾವಿನಲ್ಲಿ ರೋಗವೆಂದು ಔಷಧಿ ಹೊಡೆಸಿಕೊಂಡು ಸಾಯುವ ಗಿಡಗಳಲ್ಲಿ ಇಂಥವೂ ಇರುತ್ತವೆ. ಪಟ್ಟಿಯನ್ನು ಉದ್ದಕ್ಕೆ ಸೀಳಿ ಬಿಡಿಸಿದರೆ ಸಾಕು.

ಕಸಿಗಿಡದಲ್ಲಿ ಬೀಜದ ಗಿಡಕ್ಕಿಲ್ಲದ ಒಂದು ಅನುಕೂಲವಿದೆ: ಗಂಟಿನ ಕೆಳಗೆ ಒಂದು ಗಿಡ, ಮೇಲೆ ಇನ್ನೊಂದು. ಗಂಟಿನ ಕೆಳಗಿಂದ ಚಿಗುರು ಒಡೆದು ಹುಲುಸಾಗಿದ್ದು ಮೇಲ್ಭಾಗ ಮಾತ್ರ ಸಾಯುತ್ತಿದ್ದರೆ ಬೇರು ಚೆನ್ನಾಗಿದೆ, ದೋಷ ಗಂಟಿನಲ್ಲೋ ಅದರ ಮೇಲೋ ಇದೆ. ಕೆಳಚಿಗುರೂ ಬಾಡುತ್ತಿದ್ದರೆ ದೋಷ ಬೇರಿನಲ್ಲಿ, ಬುಡದಲ್ಲಿ. ಗೊತ್ತಿಲ್ಲದೆ ಆ ಕಾಡುಚಿಗುರನ್ನೇ ಹೊಸ ಟೊಂಗೆ ಎಂದು ಬೆಳೆಸಿದವರ ತೋಟದಲ್ಲಿ ಕೇಸರ್ ಇದ್ದ ಕಡೆ ನಾರುಮಾವು ಬಿಡುತ್ತದೆ. ಎಲೆ ಹೋಲಿಸಿ ನೋಡಿ, ಪರೀಕ್ಷೆ ಮುಗಿದ ಮೇಲೆ ಬುಡಸಮೇತ ಕಿತ್ತುಹಾಕಿ.

ಈಗ ಚಾಕು. ಸೋರುವ ಜಾಗದ ನಟ್ಟನಡುವೆ ಕೊಯ್ದರೆ ಏನೂ ತಿಳಿಯುವುದಿಲ್ಲ, ಅಲ್ಲಿ ಎಲ್ಲವೂ ಸತ್ತು ಕಪ್ಪಾಗಿರುತ್ತದೆ. ಆರೋಗ್ಯವಾಗಿ ಕಾಣುವ ತೊಗಟೆಯಿಂದ ರೋಗದ ಕಡೆಗೆ, ಅಂಚು ದಾಟುವಂತೆ, 2 ಸೆಂಟಿಮೀಟರ್ ಉದ್ದ 1 ಸೆಂಟಿಮೀಟರ್ ಅಗಲದ ಕಿಟಕಿ ತೆರೆಯಿರಿ. ಜೀವಂತ ಒಳತೊಗಟೆ ಕೆನೆಬಿಳುಪು ಅಥವಾ ತಿಳಿಹಸಿರು, ಉಗುರಿಗೆ ಒದ್ದೆ ತಾಗುತ್ತದೆ. ಒಳತೊಗಟೆ ನೀರು ಕುಡಿದಂತೆ ಕಂದಾಗಿ, ಅದರಡಿಯ ಕಟ್ಟಿಗೆಯ ಮೇಲ್ಮೈಗೆ ಮಾತ್ರ ಕಲೆ ಹತ್ತಿದ್ದು, ಒಂದೆರಡು ಮಿಲಿಮೀಟರ್ ಒಳಗೆ ಕೆತ್ತಿದರೆ ಬಿಳಿ ಕಟ್ಟಿಗೆ ಸಿಕ್ಕರೆ ಫೈಟಾಫ್ತೊರದ ಅನುಮಾನ ಬಲವಾಗುತ್ತದೆ. ಅದು ತೊಗಟೆಯ ರೋಗ. ಮೋಸಂಬಿ, ನಿಂಬೆಯ ಅಂಟು ನೀರಲ್ಲಿ ಕರಗುವಂಥದ್ದು. ಜೋರು ಮಳೆಯಾದ ಮರುದಿನ ಬೊಡ್ಡೆ ತೊಳೆದಂತಿದ್ದರೆ ರೋಗ ವಾಸಿಯಾಯಿತು ಎಂದುಕೊಳ್ಳಬೇಡಿ.

ಕಂದು ಬಣ್ಣ ಕಟ್ಟಿಗೆಯೊಳಗೆ ಗೀರುಗೀರಾಗಿ ಇಳಿದಿದ್ದರೆ ಅದು ಬೇರೆ ಕಥೆ. ಮಾವಿನಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಲ್ಯಾಸಿಯೋಡಿಪ್ಲೋಡಿಯಾ ಎಂಬ ಶಿಲೀಂಧ್ರ. ಟೊಂಗೆ ತುದಿಯಿಂದ ಒಣಗುತ್ತ ಬರುತ್ತದೆ, ಎಲೆ ಉದುರದೆ ಕಂದಾಗಿ ನೇತಾಡುತ್ತದೆ, ತೊಗಟೆ ಸೀಳಿ ಅಂಟಿನ ಹನಿ ಕೂರುತ್ತದೆ. ಸತ್ತ ತೊಗಟೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಸಿವೆಗಿಂತ ಸಣ್ಣ ಕರಿ ಗುಳ್ಳೆಗಳು ಕಾಣಬಹುದು. ಬೀಜಾಣು ತುಂಬಿದ ಚೀಲಗಳು ಅವು. ನೀರಿನ ಬರ, ಬಿಸಿಲು, ಗಾಯ ಇವು ಸೇರಿದ ಗಿಡದಲ್ಲಿ ಇದು ಜೋರು. ಒಣಗಿದ ಟೊಂಗೆಯನ್ನು ಅಡ್ಡ ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ಕಂದು ಕಲೆ ಇರುವ ತನಕ ಕೆಳಗೆ ಇಳಿಯುತ್ತ ಹೋಗಿ, ಮುಖ ಪೂರ್ತಿ ಬಿಳಿಯಾದ ಮೇಲೂ ಇನ್ನೊಂದು 10 ಸೆಂಟಿಮೀಟರ್ ಕೆಳಗೆ ಕೊನೆಯ ಗರಗಸ ಹಾಕಬೇಕು. ಮುಲಾಮಿಗೆ ಇಲ್ಲಿ ಕೆಲಸವಿರುವುದು ಆ ಕೊನೆಯ ಹಸಿ ಗಾಯ ಮುಚ್ಚುವುದಕ್ಕೆ ಮಾತ್ರ. ಕಲೆ ಕಸಿಗಂಟು ದಾಟಿ ಕೆಳಗಿಳಿದಿದ್ದರೆ ಆ ಜಾತಿಯ ಗಿಡವಾಗಿ ಅದು ಉಳಿಯುವುದಿಲ್ಲ.

ಮರದ ಪುಡಿ, ನಾರುನಾರಾದ ಹಿಕ್ಕೆ ತೂತಿನಿಂದ ಹೊರಬಿದ್ದಿದ್ದರೆ ಕಾಂಡಕೊರಕ. ಮಾವಿನಲ್ಲಿ ಬ್ಯಾಟೊಸೆರಾ ಎಂಬ ಉದ್ದಮೀಸೆಯ ದುಂಬಿಯ ಮರಿಹುಳು ಬೆರಳುದ್ದ ಬೆಳೆದು ಕಟ್ಟಿಗೆಯಲ್ಲೇ ಸುರಂಗ ಹಾಕುತ್ತದೆ. ಇಲ್ಲಿಯೂ ಅಂಟು ಸೋರುತ್ತದೆ, ಇಲ್ಲಿಯೇ ಹೆಚ್ಚು ಮುಲಾಮು ದಂಡವಾಗುವುದು. ಸೈಕಲ್ ಕಡ್ಡಿಯ ತುದಿ ಕೊಕ್ಕೆಯಾಗಿ ಬಗ್ಗಿಸಿ ತೂತಿನೊಳಗೆ ತಿರುವಿ ಹುಳು ಎಳೆಯಬೇಕು, ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ ಹಸಿಮಣ್ಣಿನಿಂದ ಮೆತ್ತಬೇಕು. ವಾರದ ನಂತರ ಹೊಸ ಪುಡಿ ಬಿದ್ದಿದ್ದರೆ ಹುಳು ಬದುಕಿದೆ. ಹಳೆಯ ಕರಪತ್ರಗಳು ಇಲ್ಲಿ ಡೈಕ್ಲೋರ್ವಾಸ್ ಎಂಬ ಕೀಟನಾಶಕ ಹೇಳುತ್ತವೆ. ದೇಶದಲ್ಲಿ 2020ರ ಡಿಸೆಂಬರ್ 31ರಿಂದ ಅದು ನಿಷೇಧ, ಹಳೆಯ ದಾಸ್ತಾನು ಕೊಟ್ಟರೆ ಕೊಳ್ಳಬೇಡಿ. ಗೆದ್ದಲಿನ ಮಣ್ಣುಪದರ ಕಂಡಾಗ ಅದನ್ನು ಕೆರೆದು ಅಡಿಯ ತೊಗಟೆ ನೋಡಿ. ಗೆದ್ದಲು ಬಹಳ ಸಲ ಸತ್ತ ತೊಗಟೆಯನ್ನು ತಿನ್ನಲು ಬಂದದ್ದು, ಸಾಯಿಸಿದ್ದು ಬೇರೆಯದೇ ಇರುತ್ತದೆ.

ತೊಗಟೆ ನೈರುತ್ಯದ ಮಗ್ಗುಲಿಗೆ ಮಾತ್ರ ಉದ್ದಕ್ಕೆ ಬಿರಿದು ಒಣಗಿದ್ದು, ಅಂಟು ಅಷ್ಟಾಗಿ ಇಲ್ಲದಿದ್ದರೆ ಅದು ಮಧ್ಯಾಹ್ನದ ಬಿಸಿಲ ಸುಟ್ಟಗಾಯ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಚಾಟಣಿ ಮಾಡಿ (ಟೊಂಗೆ ಸವರಿ) ಬೊಡ್ಡೆ ಬಯಲಾದ ಗಿಡಗಳಿಗೆ ಇದು ತಪ್ಪಿದ್ದಲ್ಲ. ಇನ್ನು ಗಂಟಿನ ಅಸಾಂಗತ್ಯ, ಅಂದರೆ ಕಸಿಯ ಎರಡು ಗಿಡ ಒಂದಕ್ಕೊಂದು ಒಗ್ಗದಿರುವುದು: ಗಂಟಿನ ಮೇಲೆ ಕೆಳಗೆ ದಪ್ಪ ಬೇರೆ ಇದ್ದ ಮಾತ್ರಕ್ಕೆ ಅದು ರೋಗವಲ್ಲ, ಎಷ್ಟೋ ಆರೋಗ್ಯವಂತ ಗಿಡಗಳು ಹಾಗೇ ಇರುತ್ತವೆ. ಗಂಟಿನ ಮೇಲಿನ ತೊಗಟೆ ಕಿಟಕಿ ತೆರೆದಾಗ ಕಂದು ಗೆರೆಯೊಂದು ಸುತ್ತಲೂ ಓಡಿದ್ದರೆ, ಅಥವಾ ಗಾಳಿಗೆ ಮುರಿದ ಗಿಡ ಗಂಟಿನಲ್ಲಿ ಗರಗಸದಿಂದ ಕೊಯ್ದಂತೆ ನುಣ್ಣಗೆ ಬಿಟ್ಟುಕೊಂಡಿದ್ದರೆ ಆಗ ಅಸಾಂಗತ್ಯ ಎನ್ನಿ. ಅದಕ್ಕೆ ಮದ್ದಿಲ್ಲ.

ಇಷ್ಟಾದ ಮೇಲೆ ತಾಮ್ರ ಕೇಳುವ ಗಿಡ ಉಳಿದರೆ, ಡಬ್ಬಿಯ ಮಾತಿಗೆ ಬರೋಣ.

ಮೂರರಲ್ಲಿ ಮೊದಲ ಸ್ಥಾನ ಮನೆಯಲ್ಲೇ ಕಾಯಿಸದೆ ಕಲಸುವ ಬೋರ್ಡೋಗೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟಸುಣ್ಣ, 10 ಲೀಟರ್ ನೀರು: ಇದು ಬಳಿಯುವ ಮುಲಾಮು. ಸಿಂಪಡಣೆಯ 1 ಶೇಕಡಾ ದ್ರಾವಣಕ್ಕೆ ಅದೇ ಮದ್ದು, 100 ಲೀಟರ್ ನೀರು. ಎರಡನ್ನೂ ಅದಲುಬದಲು ಮಾಡಿದವರ ಗಿಡದ ಎಲೆ ಸುಟ್ಟಿರುತ್ತದೆ ಅಥವಾ ಬೊಡ್ಡೆಗೆ ಬಳಿದದ್ದು ನೀರಾಗಿ ಹರಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಮೂರು ಬೇಕು, ಕಬ್ಬಿಣ, ತಗಡು ಬೇಡ. ಹರಳನ್ನು ಬಟ್ಟೆಯಲ್ಲಿ ಕಟ್ಟಿ 5 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗುಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತಾನೇ ಕರಗುತ್ತದೆ. ತಳಕ್ಕೆ ಹಾಕಿದರೆ ದಟ್ಟ ದ್ರಾವಣ ಅಡಿಯಲ್ಲೇ ನಿಂತು ಉಳಿದದ್ದು ಕರಗುವುದಿಲ್ಲ. ಇನ್ನೊಂದು ಬಕೆಟ್ಟಿನಲ್ಲಿ ಸುಣ್ಣಕ್ಕೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, 5 ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ಎರಡೂ ಪೂರ್ತಿ ತಣ್ಣಗಾಗುವ ತನಕ ಕಾಯಬೇಕು. ಬಿಸಿ ಸುಣ್ಣಕ್ಕೆ ಸುರಿದರೆ ತಿಳಿನೀಲಿ ಬದಲು ಕಪ್ಪು ಗಸಿ ಬರುತ್ತದೆ, ಅದು ತಾಮ್ರದ ಆಕ್ಸೈಡು, ಅಂಟುವುದೂ ಇಲ್ಲ ಕೆಲಸಕ್ಕೂ ಬಾರದು. ಮೂರನೇ ಬಕೆಟ್ಟಿಗೆ ಎರಡನ್ನೂ ಒಟ್ಟಿಗೆ ಸುರಿಯುತ್ತ ಕೋಲಿನಿಂದ ಕಲಕುತ್ತಿರಿ.

ಶಹಾಬಾದ್ ಕಲ್ಲಿನ, ಸೇಡಂ-ವಾಡಿಯ ಸಿಮೆಂಟಿನ ಸೀಮೆಯಲ್ಲಿ ಸುಣ್ಣಕ್ಕೇನು ಬರ ಎನಿಸಬಹುದು. ಈ ಮುಲಾಮು ಕೆಡುವುದು ಹೆಚ್ಚಾಗಿ ಸುಣ್ಣದಿಂದಲೇ. ಗಾಳಿಗೆ ಬಿಟ್ಟ ಚೀಲದ ಸುಣ್ಣ ತಿಂಗಳುಗಟ್ಟಲೆ ಗಾಳಿ ಕುಡಿದು ಮತ್ತೆ ಕಲ್ಲಿನ ಪುಡಿಯಾಗಿರುತ್ತದೆ. ನೀರು ಚಿಮುಕಿಸಿದಾಗ ಕುದಿಯದ, ಬಿಸಿಯಾಗದ ಸುಣ್ಣ ಬೇಡ. ಸುಣ್ಣ ಕಡಿಮೆಬಿದ್ದ ಮುಲಾಮಿನಲ್ಲಿ ಬಿಡಿ ತಾಮ್ರ ಉಳಿದು ತೊಗಟೆ ಸುಡುತ್ತದೆ. ಪರೀಕ್ಷೆ ಸುಲಭ: ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಮೊಳೆಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರ ಹತ್ತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಹತ್ತದಿರುವ ತನಕ. ಮೈಲುತುತ್ತದ ಹರಳು ಗಾಢ ನೀಲಿ ಇರಲಿ. ಮೇಲೆ ಬಿಳಿ ಪುಡಿ ಹಿಡಿದಿದ್ದರೆ ಅದು ಒಣಗಿದ್ದು, ಅಡ್ಡಿಯಿಲ್ಲ. ಹಸಿರು ಛಾಯೆ ಇದ್ದರೆ ಕಬ್ಬಿಣದ ಸಲ್ಫೇಟ್ ಬೆರೆತಿರಬಹುದು, ವಾಪಸ್ ಕೊಡಿ. ಕಲಸಿದ ಮುಲಾಮು ಅದೇ ದಿನ ಮುಗಿಯಬೇಕು. ಮರುದಿನಕ್ಕೆ ಕಣ ದಪ್ಪಗಾಗಿ ತೊಗಟೆಗೆ ಕಚ್ಚುವ ಗುಣ ಹೋಗುತ್ತದೆ.

ರೆಡಿಮೇಡ್ ಪುಡಿಯ ಗುಣವೆಂದರೆ ಮೇಲಿನ ರಗಳೆ ಒಂದೂ ಇಲ್ಲ. ಐದು-ಹತ್ತು ಗಿಡ ಇರುವ ಮನೆ ಹಿತ್ತಲಿಗೆ ಅದೇ ಸರಿ. ದೊಡ್ಡ ತೋಟಕ್ಕೆ ದುಬಾರಿ, ಮತ್ತು ತಾಜಾ ಮಿಶ್ರಣದಷ್ಟು ಗಟ್ಟಿಯಾಗಿ ಮಳೆಗೆ ನಿಲ್ಲುವುದಿಲ್ಲ, ಏಕೆಂದರೆ ತೊಗಟೆಗೆ ಕಚ್ಚುವ ಆ ಸಣ್ಣ ಪೊರೆಯಂಥ ಕಣ ಹುಟ್ಟುವುದು ಎರಡು ದ್ರಾವಣ ಕೂಡುವ ಗಳಿಗೆಯಲ್ಲಿ. ಕೊಳ್ಳುವಾಗ ತಾಮ್ರದ ಶೇಕಡಾ, ತಯಾರಿ ದಿನಾಂಕ, ನೋಂದಣಿ ಸಂಖ್ಯೆ ಮೂರೂ ಲೇಬಲ್ಲಿನ ಮೇಲಿರಲಿ, ಬಿಲ್ ಕೇಳಿ ಪಡೆಯಿರಿ.

ಕಾಪರ್ ಆಕ್ಸಿಕ್ಲೋರೈಡ್ ಬಗ್ಗೆ ಒಂದು ಲೆಕ್ಕ. ಮೈಲುತುತ್ತದಲ್ಲಿ ತಾಮ್ರ ಕಾಲುಭಾಗದಷ್ಟು, ಈ ಪುಡಿಯಲ್ಲಿ ಅರ್ಧ. ಹಾಗಾಗಿ ಬೋರ್ಡೋ ಮುಲಾಮಿನಷ್ಟೇ ತಾಮ್ರ ಬೇಕೆಂದರೆ ಲೀಟರಿಗೆ 50 ಗ್ರಾಂ ಕಲಸಬೇಕು. ಡಬ್ಬಿಯ ಮೇಲಿನ ಲೀಟರಿಗೆ 3 ಗ್ರಾಂ ಎಂಬುದು ಎಲೆಗೆ ಸಿಂಪಡಿಸಲು. ಅದನ್ನೇ ಬ್ರಷ್ಷಿನಲ್ಲಿ ಬೊಡ್ಡೆಗೆ ಹಚ್ಚಿ ಫಲ ಕಾಣಲಿಲ್ಲ ಎನ್ನುವುದು ಪುಡಿಗೆ ಮಾಡುವ ಅನ್ಯಾಯ. ಸುಣ್ಣವಿಲ್ಲದ ಕಾರಣ ಬಿಸಿಲು ತಡೆಯುವ ಬಿಳಿ ಪದರ ಇದರಿಂದ ಸಿಗದು. ವರ್ಷ ತುಂಬದ ಎಳೆ ಕಸಿಗಿಡದ ಹಸಿರು ಕಾಂಡಕ್ಕೆ ಮಾತ್ರ ಆ 3 ಗ್ರಾಮಿನ ತೆಳು ದ್ರಾವಣವೇ ಸರಿ, ದಪ್ಪ ಮುಲಾಮು ಬೇಡ.

ರಸ್ತೆ ಬದಿಯ ಮರಕ್ಕೆ ಬಳಿಯುವ ಸುಣ್ಣ-ಕೆಮ್ಮಣ್ಣು ಬಿಸಿಲಿನ ಗಾಯಕ್ಕೆ ನಿಜವಾಗಿಯೂ ಒಳ್ಳೆಯದು, ರೋಗಕ್ಕೆ ಏನೂ ಅಲ್ಲ. ಡಾಂಬರು ಬೇಡವೇ ಬೇಡ. ತೇವ ಒಳಗೇ ಉಳಿದು ಬಿಸಿಲಿಗೆ ಕಾದು ತೊಗಟೆ ಬೇಯುತ್ತದೆ.

ಫೈಟಾಫ್ತೊರ ಖಚಿತವಾದಾಗ ಕೆಲಸದ ಕ್ರಮ ಹೀಗೆ. ಕೊಳೆತ ತೊಗಟೆಯನ್ನು ಆರೋಗ್ಯವಾದ ಒಂದು ಸೆಂಟಿಮೀಟರ್ ಸೇರುವ ತನಕ ಕೆರೆದು, ಚೂರುಗಳನ್ನು ಗೋಣಿಯ ಮೇಲೆ ಹಿಡಿದು ಸುಡಬೇಕು. ಮಡಿಯಲ್ಲಿ ಬೀಳಿಸಿದರೆ ರೋಗ ನೀರಿನ ಜೊತೆ ಪಕ್ಕದ ಗಿಡಕ್ಕೆ ಹೋಗುತ್ತದೆ. ಗಾಯವನ್ನು ಒಂದು ದಿನ ಆರಬಿಟ್ಟು, ನೆಲದಿಂದ ಎರಡೂವರೆ ಅಡಿ ಎತ್ತರದ ತನಕ ಸುತ್ತಲೂ ಎರಡು ಕೈ ಮುಲಾಮು. ಸುತ್ತಳತೆ ಎರಡಡಿ ಇರುವ ಒರಟು ಬೊಡ್ಡೆಗೆ ಸುಮಾರು ಅರ್ಧ ಲೀಟರ್ ಹಿಡಿಯುತ್ತದೆ, ಅಂದರೆ ಒಂದು ಬಕೆಟ್ಟಿಗೆ 20 ಗಿಡ. ಮೃಗಶಿರಾ ಮಳೆ ಹಿಡಿಯುವ ಮುನ್ನ ಒಂದು ಸಲ, ಮಳೆ ಬಿಟ್ಟ ಮೇಲೆ ಇನ್ನೊಂದು ಸಲ. ಜೊತೆಗೆ ಬೇರಿನ ಭಾಗಕ್ಕೆ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಸುರಿಯುವುದು, ಇಲ್ಲವೇ ಫೋಸೆಟೈಲ್ ಅಲ್ಯುಮಿನಿಯಂ ಲೀಟರಿಗೆ 2.5 ಗ್ರಾಂ ಎಲೆಗೆ ಸಿಂಪಡಿಸುವುದು. ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕ ಇಲ್ಲಿ ದಂಡ. ಫೈಟಾಫ್ತೊರ ನಿಜವಾದ ಶಿಲೀಂಧ್ರಗಳ ಕುಲಕ್ಕೆ ಸೇರದ್ದರಿಂದ ಆ ಮದ್ದು ಅದಕ್ಕೆ ತಟ್ಟುವುದೇ ಇಲ್ಲ. ಮಾವಿನ ಒಣಗು ರೋಗಕ್ಕಾದರೆ ಅದೇ ಕಾರ್ಬೆಂಡಾಜಿಮ್ ಲೀಟರಿಗೆ 1 ಗ್ರಾಂ ಸರಿಯಾದ ಮದ್ದು. ಒಂದೇ ಅಂಟು, ಎರಡು ಬೇರೆ ಮದ್ದು. ನೀರು ಬಿಡುವ ರೀತಿ ಬದಲಾಗದಿದ್ದರೆ ಇವೆಲ್ಲ ಒಂದು ಹಂಗಾಮಿನ ಆಟ. ಬುಡದ ಸುತ್ತ ಒಣ ಉಂಗುರ, ಅದರಾಚೆ ನೀರಿನ ಉಂಗುರ, ಹೀಗೆ ಜೋಡಿ ಮಡಿ ಮಾಡಿ ಬೊಡ್ಡೆಗೆ ನೀರು ತಾಗದಂತೆ ನೋಡಬೇಕು.

ಬೊಡ್ಡೆಯ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ತೊಗಟೆ ಸತ್ತಿದ್ದರೆ ಮುಲಾಮಿಗೆ ದುಡ್ಡು ಹಾಕಬೇಡಿ. ಕಡಿಮೆ ಇದ್ದು ಮೇಲ್ಭಾಗ ಗಟ್ಟಿಯಾಗಿದ್ದರೆ, ಪಕ್ಕದಲ್ಲಿ ಎರಡು-ಮೂರು ಬೇರುಸಸಿ ನೆಟ್ಟು ಅವುಗಳ ತುದಿಯನ್ನು ಗಾಯದ ಮೇಲಿನ ಆರೋಗ್ಯವಾದ ತೊಗಟೆಗೆ ಕಸಿ ಕೂಡಿಸಿದರೆ ಗಿಡಕ್ಕೆ ಹೊಸ ಬೇರು ಸಿಗುತ್ತದೆ.

ಕುರಿ ಸಾಕುವವರು ಒಂದು ಮಾತು ಮರೆಯಬಾರದು. ತಾಮ್ರಕ್ಕೆ ಕುರಿಯಷ್ಟು ಸೂಕ್ಷ್ಮವಾದ ಜಾನುವಾರು ಇನ್ನೊಂದಿಲ್ಲ, ಅದು ಯಕೃತ್ತಿನಲ್ಲಿ ಸಂಗ್ರಹವಾಗಿ ಒಮ್ಮೆಲೇ ಬೀಳಿಸುತ್ತದೆ. ಬಳಿದ ತೋಟದಲ್ಲಿ ಹಿಂಡು ತರುಬಬೇಡಿ, ಬಕೆಟ್ಟು ತೊಳೆದ ನೀರನ್ನು ಹುಲ್ಲಿಗೆ, ಬಾವಿಗೆ ಚೆಲ್ಲಬೇಡಿ. ಕಲಸುವಾಗ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು.

ಕೊನೆಯ ಕೆಲಸ ಬಳಿದ ದಿನವೇ ಆಗಬೇಕು. ಕೆರೆದ ಗಾಯದ ಅಂಚಿನ ಹೊರಗೆ, ಮೇಲೆ ಕೆಳಗೆ ಎಡಬಲ ನಾಲ್ಕು ಕಡೆ, ಎಣ್ಣೆಬಣ್ಣದ ಚುಕ್ಕೆ ಇಟ್ಟು ದಿನಾಂಕ ಬರೆಯಿರಿ. 30 ದಿನಕ್ಕೆ ಚುಕ್ಕೆಯ ಬಳಿ ಚಾಕುತುದಿಯಿಂದ ಗೀರಿ ನೋಡಿ. ಒಳತೊಗಟೆ ಬಿಳಿಯಾಗಿದ್ದರೆ ರೋಗ ನಿಂತಿದೆ. ಕಂದು ಬಣ್ಣ ಚುಕ್ಕೆ ದಾಟಿದ್ದರೆ ಗುರುತಿಸಿದ್ದು ತಪ್ಪು, ಇನ್ನೊಂದು ಡಬ್ಬಿ ತರುವ ಮುಂಚೆ ಮಾದರಿ ಕಳಿಸಿ. ಸತ್ತದ್ದೂ ಬದುಕಿದ್ದೂ ಎರಡೂ ಇರುವ ಅಂಚಿನ ತುಂಡು ನಾಲ್ಕೈದು, ಬೆರಳುದ್ದ, ಒಣ ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ಬೆವರಿದರೆ ಬೇರೆ ಬೂಜು ಬೆಳೆದು ರೋಗಾಣು ಸಿಗುವುದಿಲ್ಲ. ಸಣ್ಣ ಬೇರು, ಬೇರಿನ ಮಣ್ಣು ಅರ್ಧ ಕಿಲೋ ಬೇರೆ ಚೀಲದಲ್ಲಿ. ಗಿಡದ ವಯಸ್ಸು, ತಳಿ, ನೀರು ಬಿಡುವ ಕ್ರಮ, ಈಗಾಗಲೇ ಹಾಕಿದ ಔಷಧಿ ಚೀಟಿಯಲ್ಲಿ ಬರೆದು, ಅದೇ ದಿನ ಇಲ್ಲವೇ ಮರುದಿನ ತಲುಪಿಸಿ. ಕಲಬುರಗಿಯವರಿಗೆ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ, ಬೀದರಿನವರಿಗೆ ಜನವಾಡದ ಕೇಂದ್ರ ಅಥವಾ ತೋಟಗಾರಿಕೆ ಮಹಾವಿದ್ಯಾಲಯ, ಯಾದಗಿರಿಯವರಿಗೆ ಕವಡಿಮಟ್ಟಿಯ ಕೇಂದ್ರ. ಮಾದರಿ ತೆಗೆಯುವ ಹಿಂದಿನ ಎರಡು ವಾರ ಆ ಗಿಡಕ್ಕೆ ಯಾವ ಔಷಧಿಯೂ ಬೀಳದಿದ್ದರೆ ರೋಗಾಣು ಸಿಗುವ ಸಾಧ್ಯತೆ ಹೆಚ್ಚು.